ಕೊಂದು ಕಾಪಾಡುವ ವ್ಯಾಪಾರ

ಕೊಲ್ಲುವುದೇ ಕಾಪಾಡುವ ಮಾರ್ಗವೆಂಬ ಒಂದು ವಾದವು ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿ, ಬಲಿತು, ಈಗ ನಮ್ಮ ಸುಶಿಕ್ಷಿತ ಮನೆಗಳ ಪಡಸಾಲೆಯವರೆಗೂ ಬಂದು ಕುಳಿತಿದೆ. ಉದ್ಯೋಗನಿಮಿತ್ತ ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ನೆಲೆಸಿರುವ ನಮ್ಮ ಬಂಧುಗಳಲ್ಲಿ ಕೆಲವರು ರಜೆಗೆ ಊರಿಗೆ ಬಂದಾಗ ಈ ವಾದವನ್ನು ನಿಸ್ಸಂಕೋಚವಾಗಿ ಮುಂದಿಡುತ್ತಾರೆ. “ನಮ್ಮ ದೇಶದ ಕೃಷ್ಣಮೃಗ ಅಲ್ಲಿ ಸಾವಿರಗಟ್ಟಲೆ ಇದೆ. ಅಲ್ಲಿ ಅದಕ್ಕೆ ಬೆಲೆಯಿದೆ, ಬೆಲೆಯಿರುವುದರಿಂದಲೇ ಉಳಿದಿದೆ. ಅಹಿಂಸೆ ಎಂದು ಉಪದೇಶಿಸುವ ನಾವು ಉಳಿಸಿದ್ದೆಷ್ಟು?” ಎಂಬುದು ಅವರ ಪ್ರಶ್ನೆ. ಹಿರಿಯರು ನಿರುತ್ತರರಾಗಿ ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಾದ ಕಾರಣವಿಲ್ಲ. ಈ ವಾದವು ಲೆಕ್ಕದ ಭಾಷೆಯಲ್ಲಿ ಬಂದಿದೆ. ಲೆಕ್ಕದ ಭಾಷೆಯಲ್ಲಿಯೇ ಇದಕ್ಕೆ ಉತ್ತರ ಹೇಳಬಹುದು. ವ್ಯಾಪಾರಸ್ಥರಾದ ನಮಗೆ ಜಮಾ ಯಾವುದು, ಖರ್ಚು ಯಾವುದು ಎಂಬ ವಿವೇಚನೆ ಯಾರೂ ಕಲಿಸಿಕೊಡಬೇಕಾದದ್ದಲ್ಲ.

ಮೊದಲು ಸಂಗತಿಗಳನ್ನು ನೋಡೋಣ. ಟೆಕ್ಸಾಸಿನ ಭೂಮಿಯ ಬಹುಪಾಲು ಖಾಸಗಿಯವರದು. ಅಲ್ಲಿ ರ್ಯಾಂಚ್ ಎಂದರೆ ಸಾವಿರಾರು ಎಕರೆ ವಿಸ್ತಾರದ, ದನಕುರಿಗಳನ್ನು ಸಾಕುವ ಒಡೆತನದ ಹುಲ್ಲುಗಾವಲು. ದಕ್ಷಿಣ ಟೆಕ್ಸಾಸಿನ ಪ್ರಸಿದ್ಧ ಕಿಂಗ್ ರ್ಯಾಂಚಿನಲ್ಲಿ 1930ರ ಸುಮಾರಿಗೆ ನಮ್ಮ ಉತ್ತರ ಭಾರತದ ನೀಲಗಾಯಿಯನ್ನು ಮೃಗಾಲಯಗಳಿಂದ ತಂದು ಬಿಟ್ಟರು. 1932ರಲ್ಲಿ ಎಡ್ವರ್ಡ್ಸ್ ಪ್ರಸ್ಥಭೂಮಿಯ ಕೆರ್ ಕೌಂಟಿಯಲ್ಲಿ ಕೃಷ್ಣಮೃಗವನ್ನು ಬಿಟ್ಟರು. ದನಕುರಿಗಳ ಆದಾಯ ಅನಿಶ್ಚಿತವಾದಂತೆ ಬೇಟೆಯ ಆದಾಯ ಮುಖ್ಯವಾಯಿತು. ಆಫ್ರಿಕದ ಬಾಗುಕೊಂಬಿನ ಓರಿಕ್ಸ್, ಅಡಾಕ್ಸ್, ಡಾಮಾ ಗೆಜೆಲ್ ಮೊದಲಾದ ಹುಲ್ಲೆಗಳೂ ಬಂದವು. 1988ರ ಹೊತ್ತಿಗೆ ಟೆಕ್ಸಾಸಿನ ಕೃಷ್ಣಮೃಗಗಳು ಇಪ್ಪತ್ತು ಸಾವಿರವನ್ನು ದಾಟಿದ್ದವು. ನೀಲಗಾಯಿಗಳು ಇಂದು ಮೂವತ್ತು ಸಾವಿರಕ್ಕೂ ಮೇಲೆ ಎಂದು ಅಂದಾಜು. ಈ ಪರದೇಶಿ ಪ್ರಾಣಿಗಳು ಅಲ್ಲಿನ ಕಾನೂನಿನ ದೃಷ್ಟಿಯಲ್ಲಿ ಭೂಮಾಲೀಕನ ಸ್ವತ್ತು. ಇವುಗಳ ಬೇಟೆಗೆ ಋತುವಿನ ನಿರ್ಬಂಧವಿಲ್ಲ, ಸಂಖ್ಯೆಯ ಮಿತಿಯಿಲ್ಲ. ಬೇಟೆಗಾರನು ರಾಜ್ಯದ ಪರವಾನಗಿ ಪಡೆದು, ಮಾಲೀಕನು ಹೇಳಿದ ಹಣ ತೆತ್ತರೆ ಸಾಕು. ಕೊಂಬಿನ ಅಳತೆಗೆ ತಕ್ಕ ದರ, ತಲೆಯನ್ನು ಗೋಡೆಗೆ ಏರಿಸಲು ಬೇರೆ ದರ.

ಇನ್ನು ಆ ಪ್ರಾಣಿಗಳ ಸ್ವಭಾವವೇನು, ಬೇಲಿಯು ಆ ಸ್ವಭಾವಕ್ಕೆ ಏನು ಮಾಡುತ್ತದೆ ಎಂಬುದನ್ನು ವಿಚಾರಿಸಬೇಕು. ಸಂಖ್ಯೆಯನ್ನು ಹೇಳುವವರು ಸ್ವಭಾವವನ್ನು ಹೇಳುವುದಿಲ್ಲ.

ಕೃಷ್ಣಮೃಗವು ಬಯಲಿನ ಜೀವಿ. ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಚೀತಾ ಇದ್ದ ನಾಡಿನಲ್ಲಿ ಯುಗಯುಗಾಂತರದಿಂದ ಬೆಳೆದ ವೇಗವದು. ಬೆದೆಯ ಕಾಲದಲ್ಲಿ ಗಂಡುಗಳು ಬಯಲಿನಲ್ಲಿ ಒಂದೊಂದು ತುಂಡು ನೆಲವನ್ನು ಹಿಡಿದು, ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ, ಕಣ್ಣಿನ ಬಳಿಯ ಗ್ರಂಥಿಯ ವಾಸನೆಯನ್ನು ಹುಲ್ಲುಕಡ್ಡಿಗೆ ಒರಸಿ, ಎಲ್ಲೆಯನ್ನು ಗುರುತು ಮಾಡುತ್ತವೆ. ಹೆಣ್ಣುಗಳು ತಾವಾಗಿ ಬಂದು ಗಂಡನ್ನು ಆರಿಸುತ್ತವೆ. ಸೋತ ಗಂಡು ದೂರ ಸರಿದು ಇತರ ಸೋತವುಗಳ ಹಿಂಡನ್ನು ಸೇರುತ್ತದೆ. ಅಲ್ಲಿಗೆ ಜಗಳ ಮುಗಿಯಿತು. ಈ ವ್ಯವಸ್ಥೆಯಲ್ಲಿ ಸೋತವನಿಗೂ ಜೀವಿಸಲು ಜಾಗವಿದೆ. ಆ ಜಾಗದ ಹೆಸರೇ ಬಯಲು. ಎಂಟಡಿ ಎತ್ತರದ ತಂತಿಬೇಲಿಯು ಕಿತ್ತುಕೊಳ್ಳುವುದು ಈ ಜಾಗವನ್ನೇ. ಆವರಣ ಕಿರಿದಾದಷ್ಟೂ ಸೋತ ಗಂಡಿಗೆ ಓಡಿಹೋಗಲು ತಾವಿಲ್ಲದೆ, ಬಲವಾದ ಗಂಡಿನ ಕೊಂಬಿಗೆ ಸಿಕ್ಕಿ ಸಾಯುವುದುಂಟೆಂದು ಇವುಗಳನ್ನು ಸಾಕುವವರೆಲ್ಲರೂ ಬಲ್ಲರು. ಓರಿಕ್ಸಿನ ವಿಷಯದಲ್ಲಿಯೂ ಹೀಗೆಯೇ. ಪ್ರಾಣಿಯ ಸ್ವಭಾವದಲ್ಲಿಲ್ಲದ ಕ್ರೌರ್ಯವನ್ನು ಬೇಲಿ ಹುಟ್ಟಿಸುತ್ತದೆ.

ಬಾಗುಕೊಂಬಿನ ಓರಿಕ್ಸ್ ಸಹಾರಾ ಮರುಭೂಮಿಯ ಅಂಚಿನ ಅಲೆಮಾರಿ. ಎಲ್ಲಿ ಮಳೆ ಬಿತ್ತೋ ಅಲ್ಲಿಗೆ, ನೂರಾರು ಮೈಲಿಗಳಾಚೆಗೂ, ಹಿಂಡುಹಿಂಡಾಗಿ ನಡೆಯುವುದು ಅದರ ಜೀವನಧರ್ಮ. ದೀರ್ಘಕಾಲ ನೀರಿಲ್ಲದೆ, ಹುಲ್ಲಿನ ತೇವದಲ್ಲಿಯೇ ಬದುಕಬಲ್ಲದು. ಅದನ್ನು ತಂದು ಬೇಲಿಯೊಳಗಿರಿಸಿ, ತೊಟ್ಟಿಯ ನೀರು ಕೊಟ್ಟು, ಗೋವಿನಜೋಳ ತಿನ್ನಿಸಿದರೆ ಉಳಿದಿರುವುದು ಓರಿಕ್ಸಿನ ದೇಹ ಮಾತ್ರ. ಅಲೆಯುವುದನ್ನು ಹಿರಿಯ ಪ್ರಾಣಿಯಿಂದ ಕಿರಿಯ ಪ್ರಾಣಿ ಕಲಿಯುವ ಆ ಪರಂಪರೆ ಅಲ್ಲಿ ಕಡಿದುಹೋಗುತ್ತದೆ.

ಗೋವಿನಜೋಳವೆಂದೆನಷ್ಟೆ. ಈ ಸಂಗತಿಯನ್ನು ವಾಚಕರು ಗಮನವಿಟ್ಟು ನೋಡಬೇಕು. ಬೇಟೆಯ ರ್ಯಾಂಚುಗಳಲ್ಲಿ ಮೂರು ಕಾಲಿನ ಕಂಬದ ಮೇಲೆ ಒಂದು ಪೀಪಾಯಿ ಇರಿಸಿ, ಅದಕ್ಕೆ ಗಡಿಯಾರ ಜೋಡಿಸಿ, ದಿನವೂ ಗೊತ್ತಾದ ಹೊತ್ತಿಗೆ ತಾನಾಗಿ ಕಾಳು ಸಿಡಿಯುವಂತೆ ಮಾಡುತ್ತಾರೆ. ಆ ಸದ್ದಿಗೆ ಪ್ರಾಣಿಗಳು ಒಗ್ಗಿಕೊಳ್ಳುತ್ತವೆ. ವಾಹನದ ಸದ್ದಿಗೂ ಮನುಷ್ಯನ ವಾಸನೆಗೂ ಬೆದರಿ ಓಡುತ್ತಿದ್ದ ಹುಲ್ಲೆ ಕ್ರಮೇಣ ದೂರವನ್ನು ಕಡಿಮೆ ಮಾಡುತ್ತದೆ, ಭಯವನ್ನು ಮರೆಯುತ್ತದೆ. ಅನತಿದೂರದಲ್ಲಿ ಮರೆಗೂಡು, ಅದರೊಳಗೆ ಹಣ ತೆತ್ತ ಬೇಟೆಗಾರ. ಕಾಡಿನಲ್ಲಿ ಮೃಗವನ್ನು ಅರಸಿ ಅಲೆದು ಕೊಲ್ಲುವ ಬೇಟೆಯೂ ಪಾಪವೇ. ಸಪ್ತವ್ಯಸನಗಳಲ್ಲಿ ಬೇಟೆಯನ್ನು ಸೇರಿಸಿದ ನಮ್ಮ ಪೂರ್ವಿಕರು ಅದಕ್ಕೆ ವಿನಾಯಿತಿ ಕೊಟ್ಟಿಲ್ಲ. ಆದರೆ ಉಣಿಸಿ, ನಂಬಿಸಿ, ಆ ನಂಬಿಕೆಯ ಹೊತ್ತಿಗೆ ಸರಿಯಾಗಿ ಗುಂಡು ಹಾರಿಸುವುದಕ್ಕೆ ಬೇಟೆ ಎಂಬ ಹೆಸರೂ ಸಲ್ಲದು. ಲೋಕವ್ಯವಹಾರದಲ್ಲಿ ಇದನ್ನು ವಿಶ್ವಾಸಘಾತ ಎನ್ನುತ್ತಾರೆ. ಪೇಟೆಯಲ್ಲಿ ವಿಶ್ವಾಸಘಾತ ಮಾಡಿದವನ ಅಂಗಡಿಯ ಮೆಟ್ಟಿಲನ್ನು ಯಾರೂ ತುಳಿಯುವುದಿಲ್ಲ.

ಈಗ ಪ್ರತಿವಾದಿಗಳ ಪಕ್ಷವನ್ನು ನ್ಯಾಯವಾಗಿಯೇ ಮಂಡಿಸೋಣ. ಅನೇಕಾಂತದ ಪಾಠ ಕೇಳಿದವರು ಎದುರು ಪಕ್ಷದ ಸತ್ಯಾಂಶವನ್ನು ಮುಚ್ಚಿಡಬಾರದು.

ಅವರು ಹೇಳುವುದು ಇಷ್ಟು: ಬಾಗುಕೊಂಬಿನ ಓರಿಕ್ಸ್ ತನ್ನ ನಾಡಿನಲ್ಲಿ ಬಂದೂಕು, ಬರ, ಅಂತರ್ಯುದ್ಧಗಳಿಂದ ನಾಶವಾಯಿತು, 2000ದಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅದನ್ನು ಕಾಡಿನಲ್ಲಿ ಅಳಿದುಹೋದ ಜಾತಿ ಎಂದು ಘೋಷಿಸಿತು. ಆದರೆ ಟೆಕ್ಸಾಸಿನಲ್ಲಿ, ರ್ಯಾಂಚ್ ಮಾಲೀಕರ ಸಂಘದ ಎಣಿಕೆಯಂತೆ, 2010ರ ಹೊತ್ತಿಗೆ ಸುಮಾರು ಹನ್ನೊಂದು ಸಾವಿರ ಓರಿಕ್ಸುಗಳಿದ್ದವು. ಪಾಕಿಸ್ತಾನದಲ್ಲಿ ಕೃಷ್ಣಮೃಗ ನಿರ್ನಾಮವಾದ ಮೇಲೆ, ಅಲ್ಲಿನ ಲಾಲ್ ಸುಹಾನ್ರಾ ಉದ್ಯಾನದಲ್ಲಿ ಮತ್ತೆ ಬೆಳೆಸಲು 1970ರ ದಶಕದಲ್ಲಿ ಟೆಕ್ಸಾಸಿನಿಂದಲೇ ಪ್ರಾಣಿಗಳನ್ನು ಕಳುಹಿಸಲಾಯಿತು. ಇವೆರಡೂ ನಿಜವಾದ ಸಂಗತಿಗಳು. ಮಾಲೀಕರೆಲ್ಲರೂ ನಿರ್ದಯರೆಂದು ನಾನು ಹೇಳುವುದಿಲ್ಲ. ಪ್ರಾಣಿಗಳ ಮೇಲೆ ನಿಜವಾದ ಅಕ್ಕರೆಯುಳ್ಳವರೂ ಅವರಲ್ಲಿದ್ದಾರೆ. ಪ್ರಶ್ನೆಯಿರುವುದು ಅವರ ಹೃದಯದ ಬಗ್ಗೆಯಲ್ಲ, ಅವರ ಸಿದ್ಧಾಂತದ ಬಗ್ಗೆ. ಬೆಲೆಯು ಪ್ರಾಣಿಯನ್ನು ಕಾಪಾಡುತ್ತದೆ ಎಂಬ ಸಿದ್ಧಾಂತ ಸತ್ಯವೇ?

ಇದಕ್ಕೆ ಮೊದಲ ಉತ್ತರವನ್ನು ಆ ಓರಿಕ್ಸಿನ ಇತಿಹಾಸವೇ ಕೊಡುತ್ತದೆ. 2005ರಲ್ಲಿ ಅಮೆರಿಕ ಸರ್ಕಾರವು ಓರಿಕ್ಸ್, ಅಡಾಕ್ಸ್, ಡಾಮಾ ಗೆಜೆಲ್ ಈ ಮೂರನ್ನೂ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿತು. ಜೊತೆಯಲ್ಲಿಯೇ ರ್ಯಾಂಚಿನಲ್ಲಿ ಹುಟ್ಟಿದವಕ್ಕೆ ವಿನಾಯಿತಿಯನ್ನೂ ಕೊಟ್ಟಿತು. 2009ರಲ್ಲಿ ನ್ಯಾಯಾಲಯವು ಆ ವಿನಾಯಿತಿ ಸಲ್ಲದೆಂದು ತೀರ್ಪಿತ್ತಿತು. 2012ರಿಂದ ಈ ಪ್ರಾಣಿಗಳನ್ನು ಕೊಲ್ಲಲು ಪರವಾನಗಿ ಬೇಕಾಯಿತು. ಬೇಟೆಯನ್ನು ಪೂರ್ಣ ನಿಷೇಧಿಸಿರಲಿಲ್ಲ. ಅರ್ಜಿ ಹಾಕಿ ಅನುಮತಿ ಪಡೆಯಬೇಕೆಂದರು, ಅಷ್ಟೆ. ಆಗ ಏನಾಯಿತು? ಮಾಲೀಕರ ಸಂಘವೇ ಸಾರಿ ಹೇಳಿದಂತೆ, ಪ್ರಾಣಿಗಳ ಮಾರುಕಟ್ಟೆ ಬೆಲೆ ಕುಸಿಯಿತು, ಅನೇಕ ಮಾಲೀಕರು ಹಿಂಡುಗಳನ್ನು ಕೈಬಿಟ್ಟರು, ಓರಿಕ್ಸುಗಳ ಸಂಖ್ಯೆ ಇಳಿಯಿತು. 2014ರಲ್ಲಿ ಅಮೆರಿಕದ ಕಾಂಗ್ರೆಸ್ ಆಯವ್ಯಯದ ಮಸೂದೆಯೊಂದರಲ್ಲಿ ಒಂದು ವಾಕ್ಯ ಸೇರಿಸಿ ವಿನಾಯಿತಿಯನ್ನು ಮರಳಿ ಕೊಟ್ಟಿತು. ಸಂಘವು ಈ ಪ್ರಕರಣವನ್ನು ತನ್ನ ಜಯವೆಂದು ಹೇಳಿಕೊಳ್ಳುತ್ತದೆ. ನಾನು ಇದನ್ನು ಆ ಸಿದ್ಧಾಂತದ ಪರಾಜಯವೆಂದು ಓದುತ್ತೇನೆ. ಅಳಿವಿನ ಅಂಚಿನಲ್ಲಿರುವ ಒಂದು ಜಾತಿಯನ್ನು ಉಳಿಸುವುದಕ್ಕಾಗಿಯೇ ಸಾಕುತ್ತಿದ್ದೇವೆ ಎಂದವರು, ಒಂದು ಅರ್ಜಿಯ ತೊಡಕು ಬಂದೊಡನೆ ಅದನ್ನು ಕೈಬಿಟ್ಟರೆಂದರೆ, ಉಳಿಸುತ್ತಿದ್ದುದು ಯಾವುದನ್ನು? ಬೆಲೆ ಇರುವವರೆಗೆ ಕಾಪಾಡುವವನು ಬೆಲೆ ಇಳಿದ ದಿನ ಕಾಪಾಡುವುದಿಲ್ಲ. ದಾಸ್ತಾನಿನ ದರ ಬಿದ್ದಾಗ ಮಾಲನ್ನು ಸಿಕ್ಕ ಬೆಲೆಗೆ ಮಾರಿ ಕೈತೊಳೆದುಕೊಳ್ಳುವುದು ವ್ಯಾಪಾರಿಯ ಸಹಜ ಧರ್ಮ. ಜೀವಿಯನ್ನು ದಾಸ್ತಾನು ಮಾಡಿದರೆ ಅದರ ಗತಿಯೂ ಅದೇ.

ದಕ್ಷಿಣ ಆಫ್ರಿಕದ ಅನುಭವವು ಇದನ್ನೇ ದೃಢಪಡಿಸುತ್ತದೆ. 1991ರ ಕಾನೂನು ಅಲ್ಲಿ ಬೇಲಿಯೊಳಗಿನ ವನ್ಯಮೃಗದ ಮೇಲೆ ಭೂಮಾಲೀಕನ ಒಡೆತನವನ್ನು ಭದ್ರಪಡಿಸಿತು. ಖಾಸಗಿ ಭೂಮಿಯಲ್ಲಿ ಪ್ರಾಣಿಗಳ ಸಂಖ್ಯೆ ಬಹಳವಾಗಿ ಹೆಚ್ಚಿತೆಂಬುದನ್ನು ಒಪ್ಪೋಣ. ಆದರೆ ಮಾರುಕಟ್ಟೆಯ ಕೈಗೆ ಸಿಕ್ಕ ಹುಲ್ಲೆ ಹುಲ್ಲೆಯಾಗಿಯೇ ಉಳಿಯಲಿಲ್ಲ. ಅಪರೂಪಕ್ಕೆ ಹುಟ್ಟುವ ಬಣ್ಣಗೆಟ್ಟ ಮರಿಗಳನ್ನು ಆರಿಸಿ, ಕಪ್ಪು ಇಂಪಾಲಾ, ಹೊಂಬಣ್ಣದ ವೈಲ್ಡ್‌ಬೀಸ್ಟ್ ಎಂದು ತಳಿ ಮಾಡಿ, ಹರಾಜಿನಲ್ಲಿ ಅಪಾರ ಬೆಲೆಗೆ ಮಾರಿದರು. 2010ರ ನಂತರದ ಕೆಲವು ವರ್ಷ ಈ ಹುಚ್ಚು ಏರಿ, ದಶಕದ ಮಧ್ಯಭಾಗ ದಾಟುವಷ್ಟರಲ್ಲಿ ದರ ನೆಲಕಚ್ಚಿತು. ಕೊಳ್ಳುತ್ತಿದ್ದವರಲ್ಲಿ ಹೆಚ್ಚಿನವರು ಇನ್ನೊಬ್ಬ ತಳಿಗಾರನಿಗೆ ಮಾರಲೆಂದೇ ಕೊಳ್ಳುತ್ತಿದ್ದರು. ಇಂಥ ಸಟ್ಟಾ ವ್ಯವಹಾರದ ಕೊನೆ ಏನೆಂಬುದು ಪೇಟೆಯಲ್ಲಿ ಕುಳಿತ ಯಾರಿಗೂ ಹೊಸದಲ್ಲ. ಆದರೆ ಇಲ್ಲಿ ಮುಳುಗಿದ್ದು ಹಣ ಮಾತ್ರವಲ್ಲ. ಬೇರೆಬೇರೆ ನೆಲೆಗಳ ಪ್ರಾಣಿಗಳನ್ನು ಒಂದೇ ಬೇಲಿಯೊಳಗೆ ಕೂಡಿದ್ದರಿಂದ ಕಪ್ಪು ವೈಲ್ಡ್‌ಬೀಸ್ಟಿನಲ್ಲಿ ನೀಲಿ ವೈಲ್ಡ್‌ಬೀಸ್ಟಿನ ರಕ್ತ ಬೆರೆಯಿತು. 1931ರಲ್ಲಿ ಹದಿನೇಳೇ ಪ್ರಾಣಿಗಳು ಉಳಿದಿದ್ದಾಗ ರಾಷ್ಟ್ರೀಯ ಉದ್ಯಾನ ಸ್ಥಾಪಿಸಿ ಕಾಪಾಡಿದ ಬೊಂಟೆಬಾಕ್ ಎಂಬ ಹುಲ್ಲೆ, ರ್ಯಾಂಚುಗಳಲ್ಲಿ ಬ್ಲೆಸ್‌ಬಾಕಿನೊಡನೆ ಬೆರೆತು ಸಂಕರವಾಗತೊಡಗಿತು. ಉದ್ಯಾನ ಉಳಿಸಿದ್ದನ್ನು ಮಾರುಕಟ್ಟೆ ಕೆಡಿಸಿತು. 2019ರಲ್ಲಿ ಆ ದೇಶವು ತಳಿ ಸುಧಾರಣೆಯ ಕಾನೂನಿನ ಪಟ್ಟಿಗೆ ಮೂವತ್ತಕ್ಕೂ ಹೆಚ್ಚು ವನ್ಯಜಾತಿಗಳನ್ನು ಸೇರಿಸಿತು. ಎಂದರೆ ದನಕುರಿಗಳ ಸಾಲಿನಲ್ಲಿ ಅವನ್ನೂ ನಿಲ್ಲಿಸಿತು. ಬೆಲೆಯ ದಾರಿ ಕೊನೆಗೆ ತಲುಪುವುದು ದೊಡ್ಡಿಗೇ.

ಎರಡನೆಯ ಉತ್ತರ. ಅಳಿವಿನ ಅಂಚಿನಿಂದ ಮರಳಿ ಬಂದ ಹುಲ್ಲೆಗಳು ಬೇಟೆಯ ಹಣದಿಂದಲೇ ಮರಳಿ ಬಂದವೇ? ಅರೇಬಿಯಾದ ಓರಿಕ್ಸನ್ನು ನೋಡಿ. ಕಾಡಿನಲ್ಲಿದ್ದ ಕೊನೆಯ ಪ್ರಾಣಿಯನ್ನು 1972ರಲ್ಲಿ ಒಮಾನಿನಲ್ಲಿ ಕೊಂದರು. ಅಷ್ಟರಲ್ಲಿ, 1963ರಿಂದಲೇ, ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಬೆರಳೆಣಿಕೆಯ ಪ್ರಾಣಿಗಳನ್ನು ಕೂಡಿಸಿ ವಂಶಾವಳಿ ಬರೆದಿಟ್ಟು ಬೆಳೆಸಲಾಗಿತ್ತು. 1982ರಲ್ಲಿ ಅವುಗಳ ಸಂತತಿಯನ್ನು ಒಮಾನಿನ ಮರುಭೂಮಿಗೆ ಮರಳಿ ಬಿಟ್ಟರು. ಅಲ್ಲಿನ ಹರಾಸಿಸ್ ಪಂಗಡದ ಜನರೇ ಕಾವಲುಗಾರರಾದರು. 2011ರಲ್ಲಿ ಅರೇಬಿಯಾದ ಓರಿಕ್ಸಿನ ಸ್ಥಿತಿ ಎಷ್ಟೋ ಸುಧಾರಿಸಿದೆಯೆಂದು ಅಂತರರಾಷ್ಟ್ರೀಯ ಒಕ್ಕೂಟ ದಾಖಲಿಸಿತು. ಈ ಕಾರ್ಯದಲ್ಲಿ ಒಂದು ಕೊಂಬನ್ನೂ ಮಾರಲಿಲ್ಲ. ಪ್ರತಿಯಾಗಿ, 1996ರ ನಂತರ ಕಳ್ಳರು ಈ ಪ್ರಾಣಿಗಳನ್ನು ಹಿಡಿದು ಶ್ರೀಮಂತರ ಖಾಸಗಿ ಸಂಗ್ರಹಗಳಿಗೆ ಮಾರತೊಡಗಿದ್ದರಿಂದ ಒಮಾನಿನ ಹಿಂಡು ಕುಸಿಯಿತು. 2007ರಲ್ಲಿ ಆ ರಕ್ಷಿತ ತಾಣವು ವಿಶ್ವ ಪರಂಪರೆಯ ಪಟ್ಟಿಯಿಂದಲೇ ಹೊರಬಿತ್ತು. ಎಂದರೆ ಬೆಲೆ ಇದ್ದದ್ದೇ ಅಲ್ಲಿ ಮೃತ್ಯುವಾಯಿತು.

ಬಾಗುಕೊಂಬಿನ ಓರಿಕ್ಸನ್ನೂ ಮೊದಲು ಆಫ್ರಿಕಕ್ಕೆ ಮರಳಿಸಿದ್ದು 1985ರಲ್ಲಿ. ಬ್ರಿಟನ್ನಿನ ಮೃಗಾಲಯಗಳಿಂದ ಹತ್ತು ಪ್ರಾಣಿಗಳು ಟ್ಯುನೀಸಿಯದ ಬೂ ಹೆಡ್ಮಾ ಉದ್ಯಾನಕ್ಕೆ ಹೋದವು. 2016ರಲ್ಲಿ ಚಾಡ್ ದೇಶದ ವಿಶಾಲ ಬಯಲಿಗೆ ಬಿಟ್ಟ ಓರಿಕ್ಸುಗಳು, ಹಲವು ದೇಶಗಳ ಸಂಗ್ರಹಗಳಿಂದ ಅಬುಧಾಬಿಯಲ್ಲಿ ಕೂಡಿಸಿ, ರಕ್ತಸಂಬಂಧ ಪರೀಕ್ಷಿಸಿ ಸಿದ್ಧಪಡಿಸಿದ ಹಿಂಡಿನವು. ಅವು ಬಯಲಿನಲ್ಲಿ ಮರಿಹಾಕಿ ನೆಲೆಗೊಂಡುದರಿಂದ 2023ರಲ್ಲಿ ಕಾಡಿನಲ್ಲಿ ಅಳಿದ ಜಾತಿ ಎಂಬ ಹಣೆಪಟ್ಟಿ ಅಳಿಸಿತು. ಕಾಪಾಡುವುದಕ್ಕೆ ಬೇಕಾದದ್ದು ವಂಶಾವಳಿಯ ಪುಸ್ತಕ, ತಾಳ್ಮೆ, ಸರ್ಕಾರಗಳ ಹಣ ಮತ್ತು ಮರಳಿ ಹೋಗಲು ಒಂದು ಬಯಲು. ಲಾಲ್ ಸುಹಾನ್ರಾಕ್ಕೆ ಕೆಲವೇ ಪ್ರಾಣಿಗಳನ್ನು ಕಳುಹಿಸುವುದಕ್ಕಾಗಿ ದಶಕಗಟ್ಟಲೆ ಸಾವಿರಾರು ಪ್ರಾಣಿಗಳನ್ನು ಕೊಲ್ಲಬೇಕಾಗಿರಲಿಲ್ಲ. ಒಂದು ದಾನವನ್ನು ತೋರಿಸಿ ಸಹಸ್ರ ಹತ್ಯೆಯನ್ನು ಮುಚ್ಚುವುದು ಲೆಕ್ಕಪರಿಶೋಧಕನು ಒಪ್ಪುವ ಮಾತಲ್ಲ.

ಮೂರನೆಯ ಉತ್ತರ ಇನ್ನೂ ಸರಳವಾದದ್ದು. ಕೃಷ್ಣಮೃಗವಾಗಲಿ, ನೀಲಗಾಯಿಯಾಗಲಿ ಇಂದು ಅಳಿವಿನ ಅಂಚಿನಲ್ಲಿಲ್ಲ. ಎರಡನ್ನೂ ಅಂತರರಾಷ್ಟ್ರೀಯ ಒಕ್ಕೂಟವು ಕನಿಷ್ಠ ಕಾಳಜಿಯ ವರ್ಗದಲ್ಲಿರಿಸಿದೆ. ಅವು ಭಾರತದಲ್ಲಿ ಉಳಿದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಮತ್ತು ಜನರ ಸಹನೆಯಿಂದ. ಅದೇ ಕಾಯಿದೆಯ ಮೊದಲ ಅನುಸೂಚಿಯಲ್ಲಿರುವ ಕೃಷ್ಣಮೃಗವನ್ನು ಇಲ್ಲಿ ಮುಟ್ಟಿದವನು ಸೆರೆಮನೆಗೆ ಹೋಗುತ್ತಾನೆ. ಅಲ್ಲಿ ಮುಟ್ಟಿದವನು ರಸೀದಿ ಪಡೆಯುತ್ತಾನೆ. ರಾಜಸ್ಥಾನದ ಬಿಷ್ಣೋಯಿಗಳು ಯಾವ ಬೆಲೆಯ ಆಸೆಯಿಂದ ಕೃಷ್ಣಮೃಗವನ್ನು ಕಾಪಾಡಿದರು? ಒಡಿಶಾದ ಗಂಜಾಂ ಜಿಲ್ಲೆಯ ಹಳ್ಳಿಗರು ಕೃಷ್ಣಮೃಗ ಹೊಲಕ್ಕೆ ಬಂದರೆ ಶುಭವೆಂದು ನಂಬಿ ಬೆಳೆಯ ನಷ್ಟವನ್ನು ಸಹಿಸುತ್ತ ಬಂದಿದ್ದಾರೆ. 2011ರ ಗಣತಿಯಲ್ಲಿ ಅಲ್ಲಿ ಎರಡು ಸಾವಿರದ ಆಸುಪಾಸಿನಲ್ಲಿದ್ದ ಕೃಷ್ಣಮೃಗಗಳು 2020ರಲ್ಲಿ ನಾಲ್ಕು ಸಾವಿರ ಮುಟ್ಟಿದವು. ಬೇಲಿಯಿಲ್ಲ, ದರಪಟ್ಟಿಯಿಲ್ಲ. “ಅಹಿಂಸೆಯವರು ಉಳಿಸಿದ್ದೆಷ್ಟು” ಎಂದು ಕೇಳುವ ನಮ್ಮ ತರುಣರಿಗೆ ಉತ್ತರ ಇಲ್ಲಿದೆ.

ಇನ್ನು ಖರ್ಚಿನ ಬಾಬು. ಪರದೇಶಕ್ಕೆ ತಂದ ಪ್ರಾಣಿಯು ಮಾಲೀಕನ ಲೆಕ್ಕದಂತೆ ನಡೆಯುವುದಿಲ್ಲ. ನೀಲಗಾಯಿ ಬಹುದೂರ ಸಂಚರಿಸುವ, ದೇಹಬಲವುಳ್ಳ ಪ್ರಾಣಿ. ದನದ ಬೇಲಿಯನ್ನು ನುಸುಳಿ, ತಳ್ಳಿ, ಮುಂದೆ ಹೋಗುತ್ತದೆ. ಅದರ ಮೈಮೇಲೆ ದನಗಳಿಗೆ ಮಾರಕ ಜ್ವರ ತರುವ ಉಣ್ಣೆ ಕೂಡ ಸಾಗುತ್ತದೆ. ಅಮೆರಿಕವು 1906ರಲ್ಲಿ ಆರಂಭಿಸಿ 1943ರ ವೇಳೆಗೆ, ಮೆಕ್ಸಿಕೊ ಗಡಿಯ ಕಿರಿದಾದ ಪಟ್ಟಿಯೊಂದನ್ನು ಬಿಟ್ಟು, ದೇಶದಿಂದಲೇ ಓಡಿಸಿದ ಉಣ್ಣೆ ಅದು. ದನವನ್ನು ಔಷಧದ ತೊಟ್ಟಿಯಲ್ಲಿ ಇಳಿಸಬಹುದು, ನೀಲಗಾಯಿಯನ್ನು ಇಳಿಸಲಾದೀತೇ? ಕೊನೆಗೆ ಸರ್ಕಾರವೇ ಹೆಲಿಕಾಪ್ಟರಿನಿಂದ ಗುಂಡಿಕ್ಕಿ ಕೊಲ್ಲಿಸುವ ಹಂತಕ್ಕೆ ಬಂತು. ನ್ಯೂ ಮೆಕ್ಸಿಕೊದಲ್ಲಿ ಬೇಟೆಗಾರರ ಸಂತೋಷಕ್ಕಾಗಿ ಸರ್ಕಾರವೇ 1969ರಿಂದ 1977ರ ನಡುವೆ ಕಲಹಾರಿಯ ಜೆಮ್ಸ್‌ಬಾಕ್ ಎಂಬ ಓರಿಕ್ಸುಗಳನ್ನು, ನೂರಕ್ಕೂ ಕಡಿಮೆ ಸಂಖ್ಯೆಯಲ್ಲಿ, ವೈಟ್ ಸ್ಯಾಂಡ್ಸ್ ಕ್ಷಿಪಣಿ ಕ್ಷೇತ್ರದ ಬಯಲಿಗೆ ಬಿಟ್ಟಿತು. ತವರಿನಲ್ಲಿ ಸಿಂಹವಿತ್ತು, ಇಲ್ಲಿಲ್ಲ. ವರ್ಷವಿಡೀ ಮರಿಹಾಕುವ ಆ ಪ್ರಾಣಿ ಸಾವಿರಗಟ್ಟಲೆಯಾಯಿತು. ನೆರೆಯ ರಾಷ್ಟ್ರೀಯ ರಕ್ಷಿತ ತಾಣವು ಅವನ್ನು ಹೊರಹಾಕಲು ಹಣ ಸುರಿದು ಬೇಲಿ ಹಾಕಬೇಕಾಯಿತು. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಾಸಿನ ಬೆಚ್ಚನೆಯ ನಾಡಿನ ಹುಲ್ಲೆಗಳು, ಚಳಿ ತಡೆಯುವ ಕೊಬ್ಬಾಗಲಿ ರೋಮವಾಗಲಿ ಇಲ್ಲದೆ, ರಾಶಿರಾಶಿಯಾಗಿ ಸತ್ತವು. ಈ ಸಾವುಗಳು ಯಾರ ಖಾತೆಗೆ? ಲಾಭ ಮಾಲೀಕನದು, ನಷ್ಟ ನೆರೆಯವನದು, ಸಾವು ಪ್ರಾಣಿಯದು. ಇಂಥ ಪಾಲುದಾರಿಕೆಯ ಕರಾರಿಗೆ ನಮ್ಮಲ್ಲಿ ಯಾರು ಸಹಿ ಹಾಕುತ್ತಾರೆ?

ನಮ್ಮ ಧರ್ಮದಲ್ಲಿ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಒಲೆ ಹೊತ್ತಿಸುವುದರಲ್ಲಿ, ಹೊಲ ಉಳುವುದರಲ್ಲಿ, ಪ್ರಾಣರಕ್ಷಣೆಯಲ್ಲಿ ಆಗುವ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರ, ಕಡಿಮೆ ಮಾಡಬಲ್ಲ. ಆದರೆ ಸಂಕಲ್ಪಿ ಹಿಂಸೆಯನ್ನು ಅಣುವ್ರತಿಯೂ ಬಿಡಲೇಬೇಕು. ರ್ಯಾಂಚಿನ ಬೇಟೆಯು ಸಂಕಲ್ಪಿ ಹಿಂಸೆಯ ಪರಮಾವಧಿ: ಕೊಲ್ಲಬೇಕೆಂದೇ ಹುಟ್ಟಿಸಿ, ಕೊಲ್ಲಬೇಕೆಂದೇ ಉಣಿಸಿ, ಕೊಲ್ಲುವ ದಿನವನ್ನು ಮೊದಲೇ ಮುಂಗಡ ಪಡೆದು ಗೊತ್ತುಮಾಡುವುದು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ವಧಕ್ಕೂ ಮೊದಲು ಬಂಧನವನ್ನು ಎಣಿಸಿರುವುದು ಅರ್ಥಪೂರ್ಣವಾಗಿದೆ. ಶ್ರಾವಕನು ಮಾಡಬಾರದ ವ್ಯಾಪಾರಗಳಲ್ಲಿ ಕೇಶವಾಣಿಜ್ಯ, ಎಂದರೆ ಜೀವಿಗಳ ವ್ಯಾಪಾರ, ಒಂದು. ನೇಮಿನಾಥ ಸ್ವಾಮಿಯು ವಿವಾಹದ ಮೆರವಣಿಗೆಯಲ್ಲಿ ಕಂಡದ್ದೂ ಕೂಡಿಹಾಕಿದ ಮೃಗಗಳನ್ನೇ. ಅವು ಎಷ್ಟಿವೆ, ಚೆನ್ನಾಗಿ ಮೇದಿವೆಯೇ ಎಂದು ಆತನು ವಿಚಾರಿಸಲಿಲ್ಲ. ಏಕೆ ಕೂಡಿಹಾಕಿದ್ದಾರೆಂದು ವಿಚಾರಿಸಿದನು. ಉತ್ತರ ಕೇಳಿ ರಥವನ್ನು ತಿರುಗಿಸಿದನು. ಇಂದು ನಮ್ಮ ಮುಂದಿರುವ ಬೇಲಿಯ ಮುಂದೆಯೂ ಕೇಳಬೇಕಾದ ಪ್ರಶ್ನೆ ಅದೊಂದೇ.

ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರೂ ಬಂಧಕಾರಣಗಳೇ. ನಮ್ಮವರು ಬಂದೂಕು ಹಿಡಿಯುವುದಿಲ್ಲ, ನಿಜ. ಆದರೆ ಅಂಥ ರ್ಯಾಂಚಿಗೆ ಪ್ರವಾಸ ಹೋಗಿ, ಮಕ್ಕಳ ಕೈಯಿಂದ ಕೃಷ್ಣಮೃಗಕ್ಕೆ ಕಾಳು ತಿನ್ನಿಸಿ, ಫೋಟೋ ತೆಗೆಸಿಕೊಂಡು ಬರುವವರು, ಆ ಕಾಳಿನಿಂದ ಬೆಳೆದ ನಂಬಿಕೆಯನ್ನು ಮುಂದಿನ ವಾರ ಯಾರು ಬಳಸಿಕೊಳ್ಳುವರೆಂದು ವಿಚಾರಿಸಬೇಕು. ಬೇಟೆ ನಡೆಯದ ಸಂರಕ್ಷಣಾ ಕೇಂದ್ರಗಳು ಅಲ್ಲಿಯೇ ಇವೆ. ವಿಚಾರಿಸಿ ಅಲ್ಲಿಗೆ ಹೋಗಬಹುದು. ಬೇಟೆಯ ಭೂಮಿಯ ವಹಿವಾಟಿನಲ್ಲಿ ಬಂಡವಾಳ ಹೂಡಬೇಕೆನ್ನುವವರು ಸಂಕಲ್ಪಿ ಹಿಂಸೆಯಲ್ಲಿ ಪಾಲು ಕೊಳ್ಳುತ್ತಿದ್ದೇವೆಂದು ತಿಳಿದೇ ಹೂಡಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ಈ ಲೇಖನ ಅರ್ಧಸತ್ಯವಾದೀತು. ಪರದೇಶದವರ ಪಾಪವನ್ನು ಎಣಿಸುವುದು ಸುಲಭ. 2015ರ ಕೊನೆಯಲ್ಲಿ ನಮ್ಮ ದೇಶದಲ್ಲಿಯೇ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯಿಯನ್ನು ಉಪದ್ರವಿ ಪ್ರಾಣಿಯೆಂದು ಘೋಷಿಸಲಾಯಿತು. 2016ರ ಜೂನ್‌ನಲ್ಲಿ ಮೊಕಾಮಾದಲ್ಲಿ ಸುಮಾರು ಇನ್ನೂರೈವತ್ತು ನೀಲಗಾಯಿಗಳನ್ನು ಗುಂಡಿಕ್ಕಿ ಕೊಂದರು. ಪಟ್ಟಣದ ನಾವು ಕಣ್ಣೀರಿಟ್ಟೆವು. ಆದರೆ ರಾತ್ರಿಯೊಂದರಲ್ಲಿ ವರ್ಷದ ಅನ್ನವನ್ನು ಕಳೆದುಕೊಂಡ ರೈತನ ನಷ್ಟ ತುಂಬಲು ನಮ್ಮಲ್ಲಿ ಎಷ್ಟು ಮಂದಿ ಕೈಚೀಲ ಬಿಚ್ಚಿದರು? ಗದಗ, ಕೊಪ್ಪಳ, ಹಾವೇರಿ ಸೀಮೆಯ ಎರೆಹೊಲಗಳಲ್ಲಿ ಕೃಷ್ಣಮೃಗಗಳ ಹಿಂಡು ಎಳೆಯ ಪೈರಿಗೆ ಇಳಿದಾಗ ರೈತನು ಪಡುವ ಸಂಕಟ ನಮ್ಮ ಸಮಾಜದ ಒಕ್ಕಲು ಮನೆತನಗಳಿಗೆ ಚೆನ್ನಾಗಿ ಗೊತ್ತು. ಕೊಲ್ಲಬೇಡ ಎಂದು ಹೇಳುವವನು ಕೊಲ್ಲದಿರುವುದರ ಖರ್ಚಿನಲ್ಲಿ ಪಾಲು ಹೊರಬೇಕು. ಹೊರಲೊಲ್ಲದವನ ಅಹಿಂಸೆಯು ಬೇರೊಬ್ಬನ ಹೊಲದಲ್ಲಿ ಮಾಡಿದ ದಾನ.

ಕೃಷ್ಣಮೃಗ ಹೊಲಕ್ಕೆ ಬರುವುದೇಕೆ? ಅದರ ಬಯಲು ಹೋಗಿದೆ. ಹುಲ್ಲುಗಾವಲನ್ನು ಬಂಜರು ಎಂದು ದಾಖಲೆಯಲ್ಲಿ ಬರೆದು, ಹಂಚಿದೆವು, ಅಗೆದೆವು, ನೀಲಗಿರಿ ನೆಟ್ಟೆವು. 1974ರಲ್ಲಿ ಕೃಷ್ಣಮೃಗಕ್ಕಾಗಿಯೇ ಸ್ಥಾಪಿಸಿದ ರಾಣೆಬೆನ್ನೂರಿನ ಅಭಯಾರಣ್ಯದೊಳಗೂ ನೀಲಗಿರಿಯ ನೆಡುತೋಪು ಬೆಳೆದು ಬಯಲು ಕಿರಿದಾಯಿತು. ಮಧುಗಿರಿ ತಾಲೂಕಿನ ಜಯಮಂಗಲಿ, ಕಡೂರಿನ ಬಳಿಯ ಬಾಸೂರು ಅಮೃತಮಹಲ್ ಕಾವಲು ಮೊದಲಾದ ಕೆಲವೇ ತಾಣಗಳಲ್ಲಿ ಹಳೆಯ ಬಯಲಿನ ತುಣುಕುಗಳು ಉಳಿದಿವೆ. ಹುಲ್ಲು ಉಳಿದರೆ ಹುಲ್ಲೆ ಉಳಿದೀತು. ಬೇಲಿಯೂ ಬೇಡ, ಬೆಲೆಯೂ ಬೇಡ.

ಆದ್ದರಿಂದ ಬಸದಿಗಳ ವಿಶ್ವಸ್ಥ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು. ಶಾಂತಿನಾಥ ತೀರ್ಥಂಕರರ ಲಾಂಛನವೇ ಹರಿಣ. ಅವರ ಪೂಜೆಗೆ ನಾವು ಮಾಡುವ ವೆಚ್ಚದಲ್ಲಿ ಒಂದು ಸಣ್ಣ ಅಂಶವನ್ನು ತೆಗೆದಿರಿಸಿ, ಕೃಷ್ಣಮೃಗವಿರುವ ಸೀಮೆಯ ಬಸದಿಗಳು ಬೆಳೆನಷ್ಟವಾದ ಬಡ ರೈತನಿಗೆ, ಆತನ ಜಾತಿಮತ ಕೇಳದೆ, ಸರ್ಕಾರದ ಪರಿಹಾರಧನ ಕೈಸೇರುವ ತನಕವಾದರೂ ನೆರವಾಗಲಿ. ಅರ್ಜಿ ಬರೆಯಲು ಬಾರದವನಿಗೆ ನಮ್ಮ ಓದಿದ ಮಕ್ಕಳು ಅರ್ಜಿ ಬರೆದುಕೊಡಲಿ. ಗೋಮಾಳ, ಕಾವಲುಗಳ ಒತ್ತುವರಿಯ ಪ್ರಶ್ನೆ ಗ್ರಾಮಸಭೆಯಲ್ಲಿ ಬಂದಾಗ ನಮ್ಮವರು ಹುಲ್ಲಿನ ಪರವಾಗಿ ಕೈ ಎತ್ತಲಿ. ಒತ್ತುವರಿದಾರ ನಮ್ಮವನೇ ಆಗಿದ್ದರೂ ಎತ್ತಲಿ. ಪರದೇಶದಲ್ಲಿರುವ ನಮ್ಮ ಕುಟುಂಬಗಳು ಬೇಟೆಯ ರ್ಯಾಂಚಿನ ಪ್ರವೇಶಧನಕ್ಕೆ ಕೊಡುವ ಹಣವನ್ನು ಇತ್ತ ಕಳುಹಿಸಲಿ. ಇದು ದೊಡ್ಡ ಮೊತ್ತವೇನೂ ಆಗಲಾರದು. ಆದರೆ ಮುಂದಿನ ಸಲ ಯಾರಾದರೂ “ಬೆಲೆಯಿಲ್ಲದೆ ಯಾವ ಪ್ರಾಣಿ ಉಳಿದೀತು?” ಎಂದು ಕೇಳಿದಾಗ, ನಾವು ಶಾಸ್ತ್ರವನ್ನು ಉದಾಹರಿಸಬೇಕಾಗಿಲ್ಲ, ನಮ್ಮ ಖರ್ಚಿನ ಪುಸ್ತಕವನ್ನು ತೆರೆದು ತೋರಿಸಬಹುದು.